ಅಲಾರಂ ಪೆಟ್ಟಿಗೆಯ ಸಿಮ್

ಠಾಕುರ್ಲಿ
೩೦ ನವೆಂಬರ್ ೨೦೧೫

ಪ್ರೀತಿಯ ಅಶ್ಮಿತಾ,

ಹೇಗಿದ್ದೀಯಾ? ಜಬಲ್ಪುರದಲ್ಲಿ ಈಗ ಚಳಿ ಶುರುವಾಗಿರಬೇಕು. ಚಳಿ ಬಂತೆಂದರೆ ಮೊದಲು ನಿನ್ನ ಗಂಟಲೇ ಕೆಡುವುದಲ್ಲವೇ, ಬಿಸಿನೀರು ಕುಡಿಯುತ್ತಿರು. ನಿನ್ನ ಯಜಮಾನರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ಅತ್ತಿಗೆಯ ಕಾಗದ ಕಂಡು ನಿನಗೆ ಆಶ್ಚರ್ಯವಾಗಿರಬಹುದು. ವಿಳಾಸ ಕೊಟ್ಟದ್ದು ಮಾವ, ನಿನ್ನ ಅಪ್ಪ. ಫೋನಿನಲ್ಲಿ ಹೇಳಲು ಹೊರಟರೆ ನಾನು ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಮಾವ ಮನೆಯಲ್ಲೇ ಇದ್ದಾರೆ. ದಸರಾ ಕಳೆದ ಮೇಲೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಮಧ್ಯಾಹ್ನ ನಿನಗೆ ಬರುತ್ತಿದ್ದ ಫೋನ್ ನಿಂತದ್ದು ಅದಕ್ಕೆ. ಅಣ್ಣ ನಿಲ್ಲಿಸಿದನೆಂದು ನೀನು ಎಣಿಸಿರಬಹುದು.

ಅಣ್ಣನ ಮಾತು ಮೀರಿ ನೀನು ಮದುವೆಯಾಗಿ ಹೋದ ಮೇಲೆ ನಾವು ಮನೆಗೆ ಅಲಾರಂ ಹಾಕಿಸಿದೆವು. ಬೆಳಿಗ್ಗೆ ನಾವಿಬ್ಬರೂ ಲೋಕಲ್ ರೈಲು ಹಿಡಿದು ಹೋದರೆ ಮಾವ ಒಬ್ಬರೇ. ಬಾಗಿಲಿಗೊಂದು ಸೆನ್ಸರ್, ನಡುಮನೆಯಲ್ಲೊಂದು ಕ್ಯಾಮೆರಾ, ಮಾವನ ಕೊರಳಿಗೊಂದು ಬಟನ್. ಒತ್ತಿದರೆ ಸೈರನ್ ಕೂಗುತ್ತದೆ, ನಮ್ಮಿಬ್ಬರ ಮೊಬೈಲಿಗೂ ಸುದ್ದಿ ಬರುತ್ತದೆ. ನೆಟ್ ಹೋದರೂ ಸುದ್ದಿ ತಪ್ಪಬಾರದೆಂದು ನಿನ್ನ ಅಣ್ಣ ಆ ಪೆಟ್ಟಿಗೆಯೊಳಗೆ ಒಂದು ಸಿಮ್ ಕೂಡ ಹಾಕಿಸಿದ್ದರು. “ದನಕ್ಕೆ ಕಟ್ಟಿದ ಹಾಗೆ ನಂಗೂ ಗಂಟೆ ಕಟ್ಟಿದ್ರಾ?” ಎಂದು ಮಾವ ನಗುತ್ತಿದ್ದರು. ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಜನರ ಗದ್ದಲದ ನಡುವೆ ಕೂತು ಆಯುಷ್ಯ ಕಳೆದವರು, ಖಾಲಿ ಮನೆ ಅವರಿಗೆ ಒಗ್ಗಲೇ ಇಲ್ಲ.

ಆ ದಿನ ರಸ್ತೆಯಲ್ಲಿ ಪೈಪಿಗಾಗಿ ಅಗೆಯುತ್ತಿದ್ದವರು ಕೇಬಲ್ ಕಡಿದುಹಾಕಿದರು. ಇಡೀ ಬಿಲ್ಡಿಂಗಿನ ನೆಟ್ ಹೋಯಿತು. ಮಾವ ಬಿದ್ದಲ್ಲಿಂದಲೇ ಬಟನ್ ಒತ್ತಿದ್ದಾರೆ. ಸೈರನ್ ಕೂಗಿ ಕೂಗಿ ನಿಂತಿದೆ. ಎದುರುಮನೆಯವರು ಊರಲ್ಲಿರಲಿಲ್ಲ, ಕೆಳಗಿನವರು ಯಾರದೋ ಕಾರಿನದಿರಬೇಕೆಂದು ಸುಮ್ಮನಾದರು. ನಾನು ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ತಿನ್ನುತ್ತಿದ್ದೆ, ಅಶ್ಮಿತಾ. ಮೊಬೈಲ್ ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು. ಸಂಜೆ ಬಾಗಿಲು ತೆರೆದಾಗ ಬಚ್ಚಲಿನಿಂದ “ಜಯಾ, ಬಂದಿಯಾ?” ಎಂಬ ಸಣ್ಣ ದನಿ. ಅಷ್ಟು ಹೊತ್ತೂ ಒದ್ದೆ ನೆಲದ ಮೇಲೇ ಇದ್ದರು.

ಆಸ್ಪತ್ರೆಯಲ್ಲಿ ನಿನ್ನ ಅಣ್ಣ, ಅಲಾರಂ ಹಾಕಿಕೊಟ್ಟ ಕುಶಲನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. “ಆಪ್ ಕಾ ಸಿಮ್ ಕಿಸ್ ಕಾಮ್ ಕಾ?” ನಿಮ್ಮ ಸಿಮ್ ಯಾವ ಕೆಲಸಕ್ಕೆ ಬಂತು ಎಂದು, ವಾರ್ಡಿಗೆಲ್ಲ ಕೇಳುವ ಹಾಗೆ. ಮಾವ ಮಲಗಿದಲ್ಲಿಂದಲೇ ಕೈ ಎತ್ತಿದರು. “ಅವನಿಗೆ ಬೈಬೇಡ ಮಗಾ. ಸಿಮ್ ತೆಗ್ದದ್ದು ನಾನು. ಅಶ್ಮಿತನ ಹತ್ರ ಮಾತಾಡ್ಲಿಕ್ಕೆ. ನನ್ನ ಫೋನ್ ನೀನು ನೋಡ್ತಿಯಲ್ಲ” ಎಂದರು. ನಾವು ಹೊರಟ ಮೇಲೆ ಸಿಮ್ ಬಿಚ್ಚಿ ಹಳೇ ಮೊಬೈಲಿಗೆ ಹಾಕಿಕೊಂಡು, ಮಾತು ಮುಗಿದ ಮೇಲೆ ವಾಪಸು ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ. ಆ ದಿನ ಇಡುವ ಮೊದಲು ಬಚ್ಚಲಿಗೆ ಹೋಗಿದ್ದಾರೆ. ನಿನ್ನ ಅಣ್ಣ ಫೋನ್ ಇಟ್ಟರು. ಹೊರಗೆ ಹೋಗಿ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತರು.

ನೀನು ನಿನ್ನನ್ನು ಹಳಿದುಕೊಳ್ಳಬೇಡ. ಮಗಳ ದನಿ ಕೇಳಲು ಮುದುಕರೊಬ್ಬರು ಗೋಡೆಯ ಪೆಟ್ಟಿಗೆ ಬಿಚ್ಚಬೇಕಾದಂಥ ಮನೆ ನಮ್ಮದಾಯಿತಲ್ಲ, ನನ್ನ ಸಂಕಟ ಅದು. ಈಗ ವಾಕರ್ ಹಿಡಿದು ಕಿಟಕಿಯವರೆಗೆ ಹೋಗುತ್ತಾರೆ. ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದಿದ್ದಾರೆ ಡಾಕ್ಟರು. ನನ್ನ ಮೊಬೈಲ್ ಕೊಟ್ಟು ನಿನ್ನ ಹತ್ತಿರ ಮಾತಾಡಿ ಎಂದರೆ “ಇನ್ನು ಬೇಡ, ಎಲ್ಲರಿಗೂ ಉಪದ್ರ ಕೊಟ್ಟದ್ದು ಸಾಕು” ಎಂದು ಗೋಡೆಗೆ ಮುಖ ತಿರುಗಿಸುತ್ತಾರೆ.

ನಿಮ್ಮಿಬ್ಬರಿಗೂ ಮಾವನ ಆಶೀರ್ವಾದ, ಇಷ್ಟನ್ನು ಬರೆ ಎಂದು ಅವರೇ ಹೇಳಿದರು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅತ್ತಿಗೆ,
ಜಯಲತಾ

ಕಾಗದ ಮಡಚುವಾಗ ನೆನಪಾಯಿತು: ನಿನ್ನೆ ಭಾನುವಾರ ಅಪ್ಪನ ಆ ನಂಬರಿನಿಂದ ನಿನಗೊಂದು ಟೆಸ್ಟ್ ಮೆಸೇಜ್ ಬಂದಿದ್ದರೆ ಹೆದರಬೇಡ. ಕುಶಲ ಬಂದು ಸಿಮ್ ಮತ್ತೆ ಕೂರಿಸಿದ. ಬಟನ್ ಒತ್ತಿದರೆ ಯಾರ್ಯಾರಿಗೆ ಸುದ್ದಿ ಹೋಗಬೇಕೆಂದು ಕೇಳಿದ. ನಿನ್ನ ಅಣ್ಣ ತಮ್ಮ ನಂಬರು ಹೇಳಿದರು, ನನ್ನದು ಹೇಳಿದರು, ಆಮೇಲೆ ನಿನ್ನದೂ ಹೇಳಿದರು. ಎಲ್ಲೂ ನೋಡದೆ, ಬಾಯಿಪಾಠ. ನಿನಗೆ ತಿಳಿಸಬೇಡ ಎಂದಿದ್ದಾರೆ.