ದುಬೈ ಮುಟ್ಟುವ ತನಕ ಕಸ

ಅತ್ತೆ,

ನೀವು ದೇವಸ್ಥಾನದಿಂದ ಬರುವಷ್ಟರಲ್ಲಿ ನಾನು ಕಿಕ್ಕೇರಿ ಸ್ಕೂಲಿಗೆ ಹೊರಟಿರುತ್ತೇನೆ. ಉಪ್ಸಾರು ಒಲೆ ಪಕ್ಕದಲ್ಲಿದೆ. ಮುದ್ದೆ ನೀವೇ ಕಟ್ಟಿಕೊಳ್ಳಿ.

ನಿಮ್ಮ ಮಗ ಬೊಂಬಾಯಿ ಬಸ್ಸು ಹತ್ತಿದಾಗಿನಿಂದ, ಅವರು ದುಬೈ ಮುಟ್ಟುವ ತನಕ ಮನೆ ಗುಡಿಸಬಾರದು ಅಂತ ಹಟ ಹಿಡಿದು ಕೂತಿದ್ದೀರಿ. ಮೂರು ದಿನದ ಕಸ ಕಾಲಿಗೆ ಸಿಗುತ್ತಿದೆ. ಆಕಾಶದಲ್ಲಿರುವ ವಿಮಾನಕ್ಕೂ ಕೆ.ಆರ್. ಪೇಟೆಯ ಪೊರಕೆಗೂ ಏನು ಸಂಬಂಧ ಅಂತ ನಿನ್ನೆ ನಾನು ಜಗಳವಾಡಿದ್ದೂ ನಿಜ.

ಕೊನೆಗೆ ನೀವು, "ವಿಮಾನ ನಾಳೆ ಬೆಳಿಗ್ಗೆ ಎಂಟಕ್ಕೆ ಆರಿ ಒಂಬತ್ತೂವರೆಗೆ ಇಳೀತದೆ ಕಣವ್ವ, ಮೈಸೂರ್‌ಗೋದಂಗೇಯ. ಆಮೇಲೆ ಗುಡಿಸ್ತೀನಿ ಬುಡು" ಅಂದಿರಿ.

ಟಿಕೆಟ್ಟಿನಲ್ಲಿರುವ ಒಂಬತ್ತೂವರೆ ದುಬೈ ಗಡಿಯಾರದ್ದು. ಅದು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹತ್ತಿರಹತ್ತಿರ ಎರಡು ಸಾವಿರ ಕಿಲೋಮೀಟರು, ಪೂರ್ತಿ ಮೂರು ಗಂಟೆಯ ದಾರಿ. ನಮ್ಮ ಗೋಡೆ ಗಡಿಯಾರದಲ್ಲಿ ಹನ್ನೊಂದಾದಾಗ ಅವರು ಇಳಿಯುತ್ತಾರೆ. ಒಂಬತ್ತೂವರೆಗೆ ನೀವು ಗುಡಿಸಲು ನಿಂತರೆ ಅವರಿನ್ನೂ ಸಮುದ್ರದ ಮೇಲೇ ಇರುತ್ತಾರೆ.

ಪೊರಕೆ ಹುಡುಕಬೇಡಿ. ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಹತ್ತಿರ ಇದೆ.