ಇಲಿ ತಿಂದ ಐವತ್ತಾರು

ಫತ್ಸಾನಿ,

ಇದನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ನಿಜವನ್ನೇ ಬರೆಯುತ್ತೇನೆ.

ಇವತ್ತು ಝೊಂಬಾದಿಂದ ಇನ್‌ಸ್ಪೆಕ್ಟರ್ ಬಂದವರು ನೇರವಾಗಿ ನಮ್ಮ ಮಗ್ಗಿ ಚಾರ್ಟಿನ ಮುಂದೆ ನಿಂತರು. ನೀನು ಹದಿನಾರು ಹಾಳೆಗಳಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದೆ, ನಾನು ಜೋಳದ ಹಿಟ್ಟಿನ ಗಂಜಿ ಕಾಯಿಸಿ ಚೀಲದ ಬಟ್ಟೆಗೆ ಅಂಟಿಸಿದ್ದೆ.

ಅವರ ಕೋಲು ಏಳರ ಸಾಲಿನಲ್ಲಿ ಎಂಟರ ಚೌಕಕ್ಕೆ ಬಂತು. ಅಲ್ಲಿ ಚೌಕವೇ ಇರಲಿಲ್ಲ. ಗಂಜಿಯ ಆಸೆಗೆ ಇಲಿ ತಿಂದಿತ್ತು. ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡಿದರು.

"ಐವತ್ತಾರು ಸರ್," ಎಂದಳು ಮುಂದಿನ ಸಾಲಿನ ಹುಡುಗಿ ಮಾಯಾಮಿಕೊ.

"ಉತ್ತರಾನೇ ಇಲ್ವಲ್ಲಮ್ಮ, ಬಾಯಿಪಾಠಾನಾ?"

"ಅಲ್ಲ ಸರ್. ಎಂಟರ ಸಾಲಲ್ಲಿ ಏಳರ ಚೌಕ ನೋಡ್ದೆ. ಒಂದು ಕಡೆ ಹೋದ್ರೆ ಇನ್ನೊಂದು ಕಡೆ ಇದ್ದೇ ಇರುತ್ತೆ ಅಂತ ಫತ್ಸಾನಿ ಮೇಡಂ ಹೇಳ್ಕೊಟ್ಟಿದ್ರು."

"ಆ ಇಲೀನ ನಾವು ಸುಟ್ಕೊಂಡು ತಿಂದ್ವಿ ಸರ್!" ಹಿಂದಿನಿಂದ ಯಾರೋ ಕೂಗಿದರು. ಇನ್‌ಸ್ಪೆಕ್ಟರೇ ನಕ್ಕುಬಿಟ್ಟರು.

"ಭೇಷ್! ಈ ಚಾರ್ಟ್ ಅಂಟಿಸಿದ್ದು ಯಾರು?"

ಹೋದ ವರ್ಷ ಇದೇ ಕೋಣೆಯಲ್ಲಿ ಹೆಡ್‌ಮಾಸ್ಟರು ಇದನ್ನೇ ಕೇಳಿದ್ದರು. ನಾನು ಅಂಟಿಸುವಾಗ ಎರಡು ಹಾಳೆ ಅದಲುಬದಲಾಗಿ, ಮಕ್ಕಳು ತಪ್ಪು ಮಗ್ಗಿ ಕಲಿತು ಪರೀಕ್ಷೆಯಲ್ಲಿ ಬಿದ್ದಿದ್ದರು. ವಾಡಿಕೆಯಂತೆ ಚಾರ್ಟಿನ ಮೂಲೆಯಲ್ಲಿ ತರಗತಿಯ ಟೀಚರ್ ಹೆಸರಿತ್ತು, ನಿನ್ನ ಹೆಸರು. ನೀನು ನನ್ನ ಮುಖ ನೋಡಿದೆ. ನಾನು ಸೀಮೆಸುಣ್ಣ ಪುಡಿ ಮಾಡುತ್ತಾ ನಿಂತೆ. ಮರುವಾರವೇ ನಿನಗೆ ವರ್ಗವಾಯಿತು; ಆ ಹಾಳೆಗಳನ್ನು ಆಮೇಲೆ ನಾನೇ ಕಿತ್ತು ಸರಿಯಾಗಿ ಅಂಟಿಸಿದೆ.

ಇವತ್ತು ನನ್ನ ಬಾಯಿ ಒಂಚೂರೂ ತಡವರಿಸಲಿಲ್ಲ.

"ನಾನೇ ಸರ್," ಎಂದೆ. "ಎಲ್ಲಾ ಹಾಳೇನೂ ನಾನೇ ಅಂಟಿಸಿದ್ದು."