ಕುರಿ ಹಿಂದೆ ಹೋದ ಫೋನು

ಹಿರೇಗುಂಟನೂರು

ಯೂನಿಯನ್ನಿನ ಸುಚಿತ್ರಾ ಮೇಡಂ ಅವರಿಗೆ, ಗಗನಸಖಿ ನಾಗಶ್ರೀಯ ತಾಯಿ ಬರಗೇರಮ್ಮ ಮಾಡುವ ನಮಸ್ಕಾರ.

ಅರ್ಧಕ್ಕೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಹೊಂದಿಸಿಕೊಂಡು ಓದಿರಿ. ನಿಮ್ಮ ವಿಮಾನ ಕಂಪನಿ ದಿವಾಳಿ ಆಯಿತೆಂದು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಮೊನ್ನೆ ಕಂಪನಿಯವರು ನನಗೇ ಫೋನು ಮಾಡಿದ್ದರು. ನಾಗಶ್ರೀ ಯೂನಿಯನ್ ಬಿಟ್ಟು ಕಡಿಮೆ ಸಂಬಳಕ್ಕೆ ಸಹಿ ಹಾಕಿದರೆ ಅವಳೊಬ್ಬಳ ಕೆಲಸ ಉಳಿಸುತ್ತಾರಂತೆ. ನನಗೆ ಆಸೆಯಾಯಿತು ಮೇಡಂ, ಸುಳ್ಳು ಯಾಕೆ ಹೇಳಲಿ.

ನಮ್ಮ ಯಜಮಾನರು ಕುರಿ ಸಾಕಿದವರು. ಅವರ ಮುಂದೆ ಹೇಳಿದೆ. "ಗೊಬ್ಬರಕ್ಕೆ ಹೊಲದಾಗೆ ಮಂದೆ ನಿಲ್ಸಾಕೆ ಒಬ್ಬ ಕುರಿಯೋನು ಕಡಿಮೆ ಕಾಳು ಕೂಲಿಗೆ ಒಪ್ಕಂಡ್ರೆ, ನಾಳೆ ಎಲ್ಲಾ ಕುರಿಯೋರಿಗೂ ಅಷ್ಟೇ ಕಾಳು. ಆಮೇಲೆ ಅವನನ್ನ ಯಾರು ಜೊತೆಗೆ ಸೇರಿಸ್ಕಂತಾರೆ?" ಅಂದರು.

ಕಂಪನಿಯವರ ಜೊತೆ ಯೂನಿಯನ್ನಿನ ಮಾತುಕತೆಯ ದಿನ ನಾಗಶ್ರೀಯನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿರಿ. ಹೆದರಿದರೆ ಉಣ್ಣುವುದಿಲ್ಲ, ಮೊದಲೇ ಏನಾದರೂ ತಿನ್ನಿಸಿರಿ.

ಫೋನು ಕೈಯಲ್ಲಿದ್ದರೆ ನಾನೇ ಅವಳಿಗೆ ಸಹಿ ಹಾಕವ್ವ ಅಂದುಬಿಡುತ್ತೇನೆ. ಅದಕ್ಕೇ ಅದನ್ನು ಯಜಮಾನರ ಜೊತೆ ಕುರಿ ಹಿಂದೆ ಕಳಿಸಿದ್ದೇನೆ. ಅಮ್ಮ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದರೆ, ಮಾತುಕತೆ ಮುಗಿದ ಮೇಲೆ ಮಾತಾಡುತ್ತಾಳೆ ಎಂದು ಹೇಳಿರಿ.

ಇಂತಿ, ನಿಮ್ಮನ್ನೇ ನಂಬಿರುವ
ಬರಗೇರಮ್ಮ